ಕೊಡಗಿನ ತೋಟದಿಂದ 40 ಮೀಟರ್ ಬ್ಯಾಂಡ್: ಸಿಲ್ವರ್ ಓಕ್‌ಗೆ ತಂತಿ ಕಟ್ಟಿ ಮಾತಾಡಿದ ನನ್ನ ಅನುಭವ

ಲೈಸೆನ್ಸ್ ತಗೊಂಡು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋ ಹ್ಯಾಮ್ ರೇಡಿಯೋ ಮಾಡ್ತೀನಿ, ಊರು ಕೊಡಗು ಅಂದ್ರೆ ಸಾಕು, ಬೆಂಗಳೂರು ಕಡೆ ಹ್ಯಾಮ್‌ಗಳು ಒಂದೇ ಮಾತು ಹೇಳೋದು, "ನಿಮಗೇನ್ರೀ, ಬೇಕಾದಷ್ಟು ಬೆಟ್ಟ ಇದೆ, ಮೇಲೆ ಹತ್ತಿ ಪಿಟಿಟಿ (ಮಾತಾಡೋ ಬಟನ್) ಒತ್ತಿದ್ರೆ ಆಯ್ತು" ಅಂತ. ಅದು ಅರ್ಧ ನಿಜ ಅಷ್ಟೆ. ಬೆಟ್ಟದ ಮೇಲಿದ್ದೋನಿಗೆ ಬೆಟ್ಟ ಅನುಕೂಲ, ಕೆಳಗಡೆ ತೋಟದಲ್ಲೋ ಮಡಿಕೇರಿ ಪೇಟೆಯ ಇಳಿಜಾರಲ್ಲೋ ಇರೋನಿಗೆ ಅದೇ ಬೆಟ್ಟ ಅಡ್ಡ ಗೋಡೆ. 2 ಮೀಟರ್ ಬ್ಯಾಂಡ್, ಅಂದ್ರೆ ನಮ್ಮಲ್ಲಿ 144ರಿಂದ 146 ಮೆಗಾಹರ್ಟ್ಸ್, ಹೆಚ್ಚುಕಮ್ಮಿ ನೇರ ನೋಟದಲ್ಲಿ ಹೋಗೋದು, ಮಧ್ಯ ಒಂದು ದಿಣ್ಣೆ ಬಂದ್ರೂ ಕತೆ ಮುಗೀತು.

ತಡಿಯಂಡಮೋಳ್ 1748 ಮೀಟರ್ ಇದೆ, ಕೊಡಗಲ್ಲೇ ಎತ್ತರದ್ದು. ಮೀಟರಲ್ಲಿರೋ ಎತ್ತರದ ವರ್ಗಮೂಲ ತೆಗೆದು 4.12ರಿಂದ ಗುಣಿಸಿದ್ರೆ ರೇಡಿಯೋ ದಿಗಂತ ಎಷ್ಟು ಕಿಲೋಮೀಟರ್ ಅಂತ ಬರುತ್ತೆ, ಅಲ್ಲಿಂದ ಸಮುದ್ರ ಮಟ್ಟಕ್ಕೆ ಸುಮಾರು 170. ಲೆಕ್ಕ ಚೆನ್ನಾಗಿದೆ, 5 ವಾಟ್ ಹ್ಯಾಂಡಿಯಲ್ಲಿ (ಕೈಲಿ ಹಿಡಿಯೋ ಸಣ್ಣ ಸೆಟ್ಟು) ಕರಾವಳಿ ಕಡೆಯವರು ಸಿಗ್ತಾರೆ, ನಂಗೂ ಖುಷಿನೇ. ಸೋಟಾ ಅಂತ 2002ರಲ್ಲಿ ಬ್ರಿಟನ್‌ನಲ್ಲಿ ಶುರುವಾದ ಒಂದು ಪದ್ಧತಿ ಇದೆ, ಶಿಖರದಿಂದ ಕನಿಷ್ಠ 4 ಕಾಂಟ್ಯಾಕ್ಟ್ ಮಾಡಿದ್ರೆ ಪಾಯಿಂಟ್, ಗಾಡಿ ಪಕ್ಕ ನಿಲ್ಸಿ ಅದರ ಬ್ಯಾಟರಿಯಿಂದ ಮಾಡೋ ಹಾಗಿಲ್ಲ, ಹೊತ್ಕೊಂಡು ಹೋಗ್ಬೇಕು. ಆಟಕ್ಕೆ ಅದು ಸರಿ. ಆದ್ರೆ 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿ ರಸ್ತೆ, ಕರೆಂಟು, ಫೋನು ಎಲ್ಲ ಹೋದಾಗ ಯಾರಾದ್ರೂ ಬೆಟ್ಟ ಹತ್ತಿ ಮಾತಾಡ್ತೀನಿ ಅಂತ ಹೊರಡೋಕಾಗ್ತಿತ್ತಾ? ಆ ಮಳೇಲಿ ಬೆಟ್ಟದ ಹತ್ರನೇ ಹೋಗ್ಬಾರ್ದು. ಇದ್ದ ಜಾಗದಿಂದಲೇ ಮೈಸೂರಿಗೆ, ಬೆಂಗಳೂರಿಗೆ ದನಿ ಮುಟ್ಟಿಸೋದು ಹೇಗೆ ಅನ್ನೋದೇ ನಮ್ಮ ನಾಲ್ಕೈದು ಜನದ ಗುಂಪಿಗೆ ಹಿಡಿದ ಹುಚ್ಚು.

ಅದಕ್ಕೆ ಉತ್ತರ 40 ಮೀಟರ್ ಬ್ಯಾಂಡ್, 7.0ರಿಂದ 7.2 ಮೆಗಾಹರ್ಟ್ಸ್, ಅದೂ ಆಂಟೆನಾನ ಬೇಕಂತಲೇ ತಗ್ಗಲ್ಲಿ ಕಟ್ಟಿ. ಸಾಮಾನ್ಯವಾಗಿ ಎಲ್ರೂ ಎತ್ತರ ಎತ್ತರ ಅಂತಾರೆ, ಇಲ್ಲಿ ಉಲ್ಟಾ. ಡೈಪೋಲ್, ಅಂದ್ರೆ ಮಧ್ಯದಿಂದ ಎರಡು ಕಡೆಗೂ ಎಳೆದ ತಂತಿಯ ಆಂಟೆನಾ, 4-5 ಮೀಟರ್ ಎತ್ತರದಲ್ಲಿದ್ರೆ ಸಿಗ್ನಲ್‌ನ ಹೆಚ್ಚಿನ ಪಾಲು ನೆಟ್ಟಗೆ ಮೇಲಕ್ಕೆ ಹೋಗಿ ಅಯಾನುಗೋಳಕ್ಕೆ (ರೇಡಿಯೋ ಅಲೆನ ವಾಪಸ್ ಕಳಿಸೋ ವಾತಾವರಣದ ಮೇಲಿನ ಪದರ) ತಾಗಿ ಸುತ್ತಲೂ 300-400 ಕಿಲೋಮೀಟರ್ ಒಳಗೆ ವಾಪಸ್ ಬೀಳುತ್ತೆ, ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ಸ್ಪ್ರಿಂಕ್ಲರ್ ಹಾಕಿದಾಗ ನೀರು ಮೇಲೆ ಹಾರಿ ಸುತ್ತ ಬೀಳಲ್ವಾ ಹಾಗೆ. ಮಧ್ಯ ಬೆಟ್ಟ ಇದ್ರೇನು ಕಣಿವೆ ಇದ್ರೇನು, ಮೇಲಿಂದ ಬೀಳೋದಕ್ಕೆ ಯಾವ ಅಡ್ಡಿಯೂ ಇಲ್ಲ. ಇದಕ್ಕೆ ಎನ್‌ವಿಐಎಸ್ ಅಂತಾರೆ. ಒಂದು ಮಿತಿ ಇದೆ, ಕತ್ತಲಾಗ್ತಾ ಬಂದಂಗೆ ಅಯಾನುಗೋಳ ತೆಳ್ಳಗಾಗಿ ನೆಟ್ಟಗೆ ಹೋದ 7 ಮೆಗಾಹರ್ಟ್ಸ್ ವಾಪಸ್ ಬರದೆ ಹಾಗೇ ಆಚೆ ಹೋಗಿಬಿಡುತ್ತೆ, ಆಗ ಹತ್ತಿರದ ಮೈಸೂರು ಮಾಯ, ದೂರದ ಉತ್ತರದ ಸ್ಟೇಷನ್‌ಗಳು ಮಾತ್ರ ಜೋರಾಗಿ ಕೇಳ್ತಾರೆ.

ಲೈಸೆನ್ಸ್ ಬಗ್ಗೆ ಜಾಸ್ತಿ ಹೇಳಲ್ಲ. ದೂರಸಂಪರ್ಕ ಇಲಾಖೆಯ ಎಎಸ್ಒಸಿ (ಹ್ಯಾಮ್ ಆಪರೇಟರ್ ಪ್ರಮಾಣಪತ್ರ) ಪರೀಕ್ಷೆ, ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ, ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಬೇಡ, ಕಾಲ್‌ಸೈನ್ (ರೇಡಿಯೋದಲ್ಲಿ ನಮ್ಮ ಗುರುತಿನ ಹೆಸರು) ವಿಯು3 ಅಂತ ಶುರುವಾಗುತ್ತೆ, ಜನರಲ್‌ಗೆ ನಿಮಿಷಕ್ಕೆ 8 ಪದದ ಮೋರ್ಸ್ ಬೇಕು, ಅದು ವಿಯು2. ಆನ್‌ಲೈನಲ್ಲಿ ಅಗ್ಗಕ್ಕೆ ಹ್ಯಾಂಡಿ ಸಿಗುತ್ತೆ ಅಂತ ಲೈಸೆನ್ಸ್ ಇಲ್ದೆ ತರಿಸ್ಕೊಂಡು ತೋಟದ ಕೆಲಸಕ್ಕೆ ವಾಕಿಟಾಕಿ ಥರ ಬಳಸೋರು ಇದಾರೆ, ದಯವಿಟ್ಟು ಬೇಡ. ಹೊರಗಡೆ ಹೋಗುವಾಗ ಲೈಸೆನ್ಸ್ ಪ್ರಿಂಟ್ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬ್ಯಾಗಲ್ಲೇ ಇಟ್ಟಿರ್ತೀನಿ. ಕಾಡಂಚಲ್ಲಿ ತಂತಿ ಎಳೆದು ಕೂತೋನನ್ನ ನೋಡಿದ್ರೆ ಯಾರಿಗಾದ್ರೂ ಅನುಮಾನ ಬರೋದು ಸಹಜ. ಮೊದಲ ಸಲ ತೋಟದ ಯಜಮಾನ್ರು ಕೋವಿ ಒರೆಸ್ತಾ ಕೂತಿದ್ದೋರು ತಲೆ ಎತ್ತಿ "ಏನಪ್ಪಾ, ಇದ್ರಲ್ಲಿ ಪೊಲೀಸ್‌ನೋರು ಮಾತಾಡೋದು ಕೇಳುತ್ತಾ?" ಅಂತ ಕೇಳಿದ್ರು. ಇಲ್ಲ ಅಂಕಲ್, ಹ್ಯಾಮ್‌ನೋರು ಹ್ಯಾಮ್‌ನೋರ ಜೊತೆ ಮಾತ್ರ ಅಂದೆ. "ಮತ್ತೆ ಫೋನಲ್ಲೇ ಮಾಡ್ಬಹುದಲ್ಲ" ಅಂದ್ರು. ಮಧ್ಯಾಹ್ನದ ಹೊತ್ತಿಗೆ ಅವರೇ ಕುರ್ಚಿ ಎಳ್ಕೊಂಡು ಬಂದು ಪಕ್ಕ ಕೂತಿದ್ರು, ಅದು ಬೇರೆ ವಿಷಯ.

ಸೆಟ್ಟು ಅಂದ್ರೆ ಮೈಕ್ರೋ ಬಿಟ್‌ಎಕ್ಸ್, ಹೈದರಾಬಾದಿನ ಅಶ್ಹರ್ ಫರ್ಹಾನ್ ಡಿಸೈನ್ ಮಾಡಿದ್ದು, ಪ್ರಪಂಚದಾದ್ಯಂತ ಹ್ಯಾಮ್‌ಗಳು ಕಟ್ಟಿದ್ದಾರೆ. 40 ಮೀಟರಲ್ಲಿ ಸುಮಾರು 10 ವಾಟ್ ಕೊಡುತ್ತೆ. ಟ್ರಾನ್ಸ್‌ಮಿಟ್ ಮಾಡುವಾಗ 2 ಆಂಪಿಯರ್ ಆಸುಪಾಸು ಎಳೆಯುತ್ತೆ, ಕೇಳುವಾಗ ಅದರಲ್ಲಿ ಒಂದು ಸಣ್ಣ ಪಾಲು, ಹಾಗಾಗಿ ಯುಪಿಎಸ್‌ಗೆ ಹಾಕೋ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಒಂದಿದ್ರೆ ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಆರಾಮ. ಬ್ಯಾಟರಿ ಪ್ಲಸ್ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಹಾಕಿ, ಇದನ್ನ ಬಿಡ್ಲೇಬೇಡಿ, ಬ್ಯಾಗೊಳಗೆ ಎರಡು ವಯರ್ ತಾಗಿದ್ರೆ ಆ ಸಣ್ಣ ಬ್ಯಾಟರಿಯೇ ಬ್ಯಾಗ್ ಸುಡೋಕೆ ಸಾಕು. ಆಂಟೆನಾಗೆ ಮಾಮೂಲಿ ಹೌಸ್ ವೈರಿಂಗ್ ತಂತಿ, ಒಂದೊಂದು ಕಡೆ ಸುಮಾರು 10 ಮೀಟರ್. ಮಧ್ಯಕ್ಕೆ ಪಿವಿಸಿ ಪೈಪ್ ತುಂಡು, ಅಲ್ಲೇ ರೇಡಿಯೋದಿಂದ ಬರೋ ಕೋಆಕ್ಸ್ ಕೇಬಲ್ಲನ್ನ ನಾಲ್ಕಾರು ಸುತ್ತು ಸುರುಳಿ ಮಾಡಿ ಟೇಪ್ ಹಾಕಿದೀನಿ, ಇಲ್ದಿದ್ರೆ ಕೇಬಲ್ಲಿನ ಹೊರಮೈಯೇ ಆಂಟೆನಾ ಆಗಿ ಮೈಕ್ ಮುಟ್ಟಿದ್ರೆ ಚುರ್ ಅನ್ನುತ್ತೆ. ತಂತಿ ಸ್ವಲ್ಪ ಉದ್ದನೇ ಇಟ್ಟು ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾದಿಂದ ಸಿಗ್ನಲ್ ಎಷ್ಟು ವಾಪಸ್ ಬರ್ತಿದೆ ಅಂತ ತೋರ್ಸೋದು) ನೋಡ್ಕೊಂಡು ತುದಿ ಮಡಚ್ತಾ ಬರೋದು, ತಗ್ಗಲ್ಲಿ ಕಟ್ಟಿದಾಗ ಲೆಕ್ಕಕ್ಕಿಂತ ಸ್ವಲ್ಪ ಗಿಡ್ಡಕ್ಕೇ ಸರಿಹೋಗುತ್ತೆ.

ಈಗ ಮುಖ್ಯ ವಿಷಯ, ಜಾಗ. ಕಾಫಿ ತೋಟ ಅಂದ್ರೆ ಸಿಲ್ವರ್ ಓಕ್, ನೆಟ್ಟಗೆ ಕಂಬದ ಥರ ಇರುತ್ತೆ, ಮೈತುಂಬಾ ಕರಿಮೆಣಸಿನ ಬಳ್ಳಿ, ಆಂಟೆನಾ ಕಟ್ಟೋಕೆ ದೇವರು ಕೊಟ್ಟ ಮಾಸ್ಟ್ ಅನ್ಸುತ್ತೆ. ಆದ್ರೆ ಅದೇ ಮರಗಳ ಮಧ್ಯದಲ್ಲೇ ಕರೆಂಟ್ ಲೈನ್ ಹೋಗಿರುತ್ತೆ, ಎಲೆ ದಟ್ಟ ಇದ್ರೆ ಕೆಳಗಿಂದ ತಂತಿ ಕಾಣೋದೇ ಇಲ್ಲ. ಕೊಡಗಲ್ಲಿ ಇದು ಹೊಸ ವಿಷಯ ಏನಲ್ಲ, ಮೆಣಸು ಕೊಯ್ಯೋ ಕಾಲದಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಕಾರ್ಮಿಕರು ಸತ್ತ ಸುದ್ದಿ ಓದದೇ ಇರೋರು ಯಾರೂ ಇಲ್ಲ, ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪ್ ಎತ್ತಿ ನಿಲ್ಸಿದಾಗಲೂ ಹಾಗೇ ಆಗಿದೆ. ನಾವು ಎತ್ತೋ ಮಾಸ್ಟ್ ಏನು, ಎಸೆಯೋ ತಂತಿ ಏನು, ಎಲ್ಲ ಅದೇ ಜಾತಿ. ಅದಕ್ಕೇ ನಾನು ತೋಟಕ್ಕೆ ಹೋದ ತಕ್ಷಣ ಬ್ಯಾಗ್ ಬಿಚ್ಚಲ್ಲ, ಮೊದ್ಲು ತೋಟದ ಲೆಕ್ಕ ನೋಡೋ ರೈಟರ್ ಅಥವಾ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹಳೆ ಕೆಲಸಗಾರರೊಬ್ಬರನ್ನ ಕರ್ಕೊಂಡು ಒಂದು ಸುತ್ತು ನಡೀತೀನಿ. ಕಕ್ಕಬ್ಬೆ ಕಡೆಯ ಒಂದು ತೋಟದಲ್ಲಿ ನಾನು ಚೆನ್ನಾಗಿರೋ ಎರಡು ಮರ ತೋರ್ಸಿದ್ರೆ ಅಲ್ಲಿನ ಅಕ್ಕ ಒಬ್ರು ಕತ್ತಿ ತುದೀಲಿ ಮೇಲೆ ತೋರ್ಸಿ, "ಅಣ್ಣಾ ಆ ಕಡೆ ಬೇಡ, ಪಂಪ್‌ಸೆಟ್‌ಗೆ ಹೋಗೋ ತಂತಿ ಅಲ್ಲೇ ಇದೆ, ನೋಡಿ ಆ ಬಳ್ಳಿ ಹಿಂದೆ" ಅಂದ್ರು. ಅರ್ಧ ನಿಮಿಷ ಕಣ್ಣು ಕಿರಿದು ಮಾಡಿ ನೋಡಿದ ಮೇಲೆ ಕಂಡಿದ್ದು, ಮೂರು ತಂತಿ. ನನ್ನ ಲೆಕ್ಕ ಏನಂದ್ರೆ, ಮರ ಮುರಿದ್ರೂ, ಹಗ್ಗ ಹರಿದ್ರೂ, ಆಂಟೆನಾ ಯಾವ ದಿಕ್ಕಿಗೆ ಬಿದ್ರೂ ಕರೆಂಟ್ ತಂತಿ ಮುಟ್ಟಬಾರ್ದು, ಅಷ್ಟು ದೂರ ಇಲ್ಲಾಂದ್ರೆ ಆ ಜಾಗ ಬೇಡ. ಲೈನ್ ಮೇಲಿಂದ ದಾಟಿಸಿ ದಾರ ಎಸೆಯೋದಂತೂ ಕನಸಲ್ಲೂ ಬೇಡ.

ದಾರ ಎಸೆಯೋಕೆ ಕವಣೆ, ಮೀನು ಹಿಡಿಯೋ ನೈಲಾನ್ ದಾರ, ತುದಿಗೆ ಸೀಸದ ಗುಂಡು. ನೆರಳಿಗೆ ಬಿಟ್ಟ ಸಿಲ್ವರ್ ಓಕಿನ ಕೆಳ ಕೊಂಬೆ ಎಲ್ಲ ಕಡಿದಿರ್ತಾರೆ, ಕವಲು ಸಿಗಲ್ಲ, ತೋಟದ ಅಂಚಿನ ಮರ ನೋಡಿ. ನಮಗೆ ಬೇಕಾಗಿರೋದು 4-5 ಮೀಟರ್ ಅಷ್ಟೇ ಆದ್ರಿಂದ ಎಷ್ಟೋ ಸಲ ಮೆಣಸು ಕೊಯ್ಯೋ ಬಿದಿರಿನ ಏಣಿಯೇ ಸಾಕಾಗುತ್ತೆ, ಹತ್ತೋ ಕೆಲಸ ಅಭ್ಯಾಸ ಇರೋರಿಗೆ ಬಿಡಿ, ಬಳ್ಳಿಗೆ ಪೆಟ್ಟಾದ್ರೆ ಯಜಮಾನ್ರು ಇನ್ನೊಂದ್ಸಲ ಒಳಗೆ ಬಿಡಲ್ಲ. ಡೈಪೋಲ್‌ನ ಎರಡೂ ತುದೀಲೇ ವೋಲ್ಟೇಜ್ ಜಾಸ್ತಿ ಇರೋದು, 10 ವಾಟಲ್ಲೂ ಬೆರಳು ಸುಡುತ್ತೆ, ಅದಕ್ಕೆ ತುದಿ ಯಾರ ಕೈಗೂ ಸಿಗದಷ್ಟು ಎತ್ತರದಲ್ಲಿ ಇರ್ಬೇಕು, ಕೆಂಪು ಬಟ್ಟೆ ಚೂರು ಕಟ್ತೀನಿ. ಲೈನ್ ಮನೆ ಮಕ್ಕಳು ರೇಡಿಯೋ ಅಂದ್ರೆ ಓಡಿ ಬರ್ತಾರೆ.

ಇನ್ನೊಂದು, ಸೋಲಾರ್ ಬೇಲಿ. ಆನೆಗೆ ಅಂತ ಹಾಕಿರೋದು. ಒಂದ್ಸಲ ರಿಸೀವರ್ ಆನ್ ಮಾಡಿದ್ರೆ ಗಡಿಯಾರದ ಥರ ಟಕ್, ಟಕ್, ಸೆಕೆಂಡಿಗೆ ಒಂದರಂತೆ, ಬ್ಯಾಂಡಿನ ಈ ತುದಿಯಿಂದ ಆ ತುದಿವರೆಗೂ. ಬ್ಯಾಟರಿ, ಕೇಬಲ್ಲು, ಮೊಬೈಲು ಎಲ್ಲ ಬಿಚ್ಚಿ ನೋಡಿದ್ವಿ, ಕೊನೆಗೆ ಬೇಲಿಯ ಎನರ್ಜೈಸರ್ ಅಂತ ಗೊತ್ತಾಯ್ತು, ತಂತಿಗೆ ಹಸಿ ಬಳ್ಳಿ ತಾಗಿ ಅಲ್ಲಲ್ಲಿ ಸಣ್ಣಗೆ ಕಿಡಿ ಹಾರ್ತಿತ್ತು. ಬಳ್ಳಿ ಸವರಿಸಿದ ಮೇಲೆ ಗಲಾಟೆ ಬಹಳ ಕಡಿಮೆಯಾಯ್ತು, ಬೇಲಿಗೂ ಒಳ್ಳೇದೇ ಆಯ್ತು. ಆಂಟೆನಾ ಬೇಲಿಗೆ ಸಮಾನಾಂತರ ಆಗ್ದೆ 90 ಡಿಗ್ರೀಲಿ ಇರೋ ಹಾಗೆ, ಆದಷ್ಟು ದೂರದಲ್ಲಿ ಕಟ್ಟಿದ್ರೆ ಇನ್ನೂ ವಾಸಿ.

ಬೆಳಗ್ಗೆ ಮಂಜು ಏಳೋ ಹೊತ್ತಿಗೆ 7 ಮೆಗಾಹರ್ಟ್ಸ್‌ನಲ್ಲಿ ನೆಟ್‌ಗಳು (ಹ್ಯಾಮ್‌ಗಳು ಒಟ್ಟಿಗೆ ಸೇರಿ ಸರದಿಯಲ್ಲಿ ಮಾತಾಡೋ ಕೂಟ) ನಡೀತಿರ್ತವೆ, ಮಧ್ಯ ನುಗ್ಗಬೇಡಿ, ನೆಟ್ ಕಂಟ್ರೋಲ್ ಹೊಸಬರನ್ನ ಕರೆದಾಗ ಕಾಲ್‌ಸೈನ್ ಒಂದೇ ಹೇಳಿ ಕಾಯಿರಿ, ಆಮೇಲೆ "ಪೋರ್ಟಬಲ್, ಕೊಡಗು, 10 ವಾಟ್" ಅನ್ನಿ, ಕ್ಯೂಆರ್‌ಪಿ (ಕಡಿಮೆ ಪವರ್) ಅಂದ ಕೂಡ್ಲೆ ದೊಡ್ಡ ಸ್ಟೇಷನ್‌ನೋರೂ ತಾಳ್ಮೆಯಿಂದ ಕಿವಿ ಕೊಡ್ತಾರೆ. ಬೆಂಗಳೂರು, ಮೈಸೂರು ಎರಡೂ ಕಡೆಯಿಂದ 5-7, 5-9 ರಿಪೋರ್ಟ್ ಸಿಕ್ಕಿದೆ, ಅಂದ್ರೆ ಮಾತು ಸ್ಪಷ್ಟ, ಸಿಗ್ನಲ್ ಜೋರು, ಅದೇ ಜಾಗದಿಂದ ಹ್ಯಾಂಡಿಯಲ್ಲಿ ಪಕ್ಕದ ಕಣಿವೆಯ ಗೆಳೆಯನೂ ಕೇಳ್ತಿರ್ಲಿಲ್ಲ. ಹೆಡ್‌ಫೋನ್ ಒಂದೇ ಕಿವಿಗೆ. ಇನ್ನೊಂದು ಕಿವಿ ಕಾಡಿಗೆ, ಆನೆ ಬೈನೆ ಮರ ಮುರಿಯೋ ಸದ್ದು ಕೇಳಿದ್ರೆ ಕ್ಯೂಎಸ್ಒ (ರೇಡಿಯೋ ಮಾತುಕತೆ) ಅಲ್ಲಿಗೇ ಬಿಟ್ಟು ಮನೆ ಕಡೆ. "ರಾತ್ರಿ ಆನೆ ಬಂದಿತ್ತಾ" ಅಂತ ಹೋದ ಕೂಡ್ಲೆ ಕೇಳ್ಬೇಕು, ಹೌದು ಅಂದ್ರೆ ಆ ದಿನ ಬಂಗಲೆ ಅಂಗಳದಲ್ಲೇ ಸ್ಟೇಷನ್. ಇಂಬಳಕ್ಕೆ (ಜಿಗಣೆ) ನಶ್ಯ ಅಥವಾ ಉಪ್ಪು, ಅದು ಹೇಳ್ಕೊಡ್ಬೇಕಾಗಿಲ್ಲ.

ಸಿಡಿಲಿನ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚೇ ಹೆದರಿಕೆ ಇಟ್ಕೊಂಡಿದೀನಿ, ಯಾರು ನಕ್ಕರೂ ಪರವಾಗಿಲ್ಲ. ಏಪ್ರಿಲ್-ಮೇನಲ್ಲಿ ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತೆ, ಮಧ್ಯಾಹ್ನ ಊಟ ಮುಗಿಯೋ ಹೊತ್ತಿಗೆ ಕಪ್ಪು. ಒಂದು ಅನುಕೂಲ ಏನಂದ್ರೆ ಗುಡುಗು ನಮ್ಮ ಕಿವಿಗೆ ಬೀಳೋಕೆ ಬಹಳ ಮುಂಚೆ ರೇಡಿಯೋಗೆ ಗೊತ್ತಾಗುತ್ತೆ, ಚರ್ರ್ ಚರ್ರ್ ಅಂತ ಸ್ಟಾಟಿಕ್, ದೂರದ ಸಿಡಿಲಿಗೂ ಬರುತ್ತೆ, ಆದ್ರೆ ಅದು ಪದೇ ಪದೇ ಆಗಿ ಜೋರಾಗ್ತಾ ಬಂದ್ರೆ ಗಂಟು ಕಟ್ಟೋಕೆ ಶುರು ಮಾಡಿ. ಮಿಂಚಿಗೂ ಗುಡುಗಿಗೂ ಮಧ್ಯ 3 ಸೆಕೆಂಡಿಗೆ ಹೆಚ್ಚುಕಮ್ಮಿ 1 ಕಿಲೋಮೀಟರ್, 30 ಸೆಕೆಂಡ್ ಒಳಗೆ ಬಂದ್ರೆ 10 ಕಿಲೋಮೀಟರ್ ಒಳಗಿದೆ ಅಂತ ಅರ್ಥ. ಆ ಹೊತ್ತಲ್ಲಿ ಆಂಟೆನಾ ಬಿಚ್ಚೋ ಸಾಹಸನೂ ಬೇಡ, ಎಲ್ಲ ಬಿಟ್ಟು ಗಟ್ಟಿ ಮನೆಯೊಳಗೆ ಅಥವಾ ಗಾಜು ಏರಿಸಿದ ಕಾರೊಳಗೆ, ಕೊನೆ ಗುಡುಗು ಕೇಳಿ 30 ನಿಮಿಷ ಆದ ಮೇಲೆ ಹೊರಗೆ. ಗೋಡೆ ಇಲ್ಲದ ಶೀಟಿನ ಶೆಡ್ಡು, ಮರದ ಬುಡ, ಎರಡೂ ಬೇಡ. ಸಿಲ್ವರ್ ಓಕ್ ಬೇರೆ ಗಾಳಿಗೆ ಪಟಕ್ ಅಂತ ಮುರಿಯೋ ಮರ. ಹಾಗಾಗಿ ಬೇಸಿಗೇಲಿ ನಮ್ಮದು 1 ಗಂಟೆಗೆ ಬಂದ್, ಪೈಲಪ್ (ಒಟ್ಟಿಗೆ ಹತ್ತಾರು ಜನ ಕರೆಯೋದು) ನಡೀತಿದ್ರೂ ಸರಿ, ಗುಂಪಲ್ಲಿ ಒಬ್ಬರಿಗೆ ಆಕಾಶ ನೋಡೋದೇ ಕೆಲಸ, ಅವರು ಬಂದ್ ಅಂದ್ರೆ ಬಂದ್, ಮೈಕ್ ಹಿಡಿದೋನು ಚೌಕಾಸಿ ಮಾಡೋ ಹಾಗಿಲ್ಲ.

ಮನೆಗೆ ಬಂದ ಮೇಲೆ ಕೋಆಕ್ಸ್ ಒರೆಸಿ ಒಲೆ ಇರೋ ಕೋಣೇಲಿ ಒಣಗಿಸ್ತೀನಿ, ಕೊಡಗಿನ ಥಂಡಿಗೆ ಕನೆಕ್ಟರ್ ಒಳಗೆ ಹಸಿರು ಕಟ್ಟೋಕೆ ಒಂದು ಮಳೆಗಾಲ ಬೇಕಾಗಿಲ್ಲ. ಯಾರ ಜೊತೆ ಮಾತಾಡಿದ್ವಿ ಅಂತ ಬರೆಯೋ ಲಾಗ್‌ನಲ್ಲಿ ಟೈಮ್ ಯುಟಿಸಿಯಲ್ಲಿ (ಅಂತರರಾಷ್ಟ್ರೀಯ ಸಮಯ), ನಮ್ಮ ಗಂಟೆಯಿಂದ ಐದೂವರೆ ಕಳೆದು. ಮುಂದಿನದು ಸಂಜೆ ಹೊತ್ತಿನ ಪ್ರಯೋಗ, 40 ಮೀಟರ್ ಕೈಕೊಟ್ಟ ಮೇಲೆ 80 ಮೀಟರ್ ಹಿಡಿದು ಮೈಸೂರು ಸಿಗುತ್ತಾ ನೋಡೋದು. ಅದಕ್ಕೆ ತಂತಿ ಇದರ ಎರಡರಷ್ಟು, ಹತ್ರ ಹತ್ರ 40 ಮೀಟರ್ ಉದ್ದ ಬೇಕು, ಕರೆಂಟ್ ಲೈನೂ ಇಲ್ದೆ ಸೋಲಾರ್ ಬೇಲಿಯೂ ಇಲ್ದೆ ಅಷ್ಟು ಜಾಗ ತೋಟದಲ್ಲಿ ಸಿಗೋದು ಕಷ್ಟ, ಪುತ್ತರಿ ಹಬ್ಬ ಕಳೆದು ಕೊಯ್ಲು ಮುಗಿದ ಗದ್ದೆಯೇ ಸರಿ ಅಂತ ನಾಪೋಕ್ಲು ಕಡೆ ಒಂದು ನೋಡಿಟ್ಟಿದೀವಿ, ಗದ್ದೆಯವರು ಹೂಂ ಅಂದಿದಾರೆ, ಎರಡು ಬಿದಿರು ಮಾತ್ರ ನೀವೇ ತನ್ನಿ ಅಂದ್ರು.