ದೊಡ್ಡವರ ಮೊಡವೆ: ಮೊದಲು ಬೆಲ್ಲದ ಕಾಫಿ ನೋಡಿ

ಇಪ್ಪತ್ತೈದು ದಾಟಿದ ಮೇಲೂ ದವಡೆ, ಗದ್ದದ ಸುತ್ತ ಮೊಡವೆ ಏಳುತ್ತಿದ್ದರೆ ಪಂದಿಕರಿಯನ್ನು (ಹಂದಿ ಮಾಂಸದ ಸಾರು) ಬೈಯಬೇಡಿ. ಹೆಚ್ಚು ಸಾಕ್ಷ್ಯ ಇರುವುದು ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸುವ ಆಹಾರದ ವಿರುದ್ಧ. ಸಕ್ಕರೆ ಏರಿದಾಗ ಇನ್ಸುಲಿನ್, ಐಜಿಎಫ್-1 ಎಂಬ ಹಾರ್ಮೋನುಗಳೂ ಏರುತ್ತವೆ. ಇವುಗಳಿಂದ ಚರ್ಮದ ಗ್ರಂಥಿಗಳು ಜಾಸ್ತಿ ಜಿಡ್ಡು ಸುರಿಸಿ ರಂಧ್ರಗಳು ಕಟ್ಟಿಕೊಳ್ಳುತ್ತವೆ.

ನಮ್ಮ ಕೊಡಗಿನ ಕಡೆ ಎಡವುವುದು ಬೆಲ್ಲದ ಕಾಫಿಯಲ್ಲಿ. ಬೆಲ್ಲವೂ ಬಹುಪಾಲು ಸಕ್ಕರೆಯೇ, ಜೇನೂ ಅಷ್ಟೇ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ ಸುಮಾರು 40 ಗ್ರಾಂ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ಒಮ್ಮೆಗೇ ಬಿಟ್ಟರೆ ಕೈ ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತದೆ.

ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ನೂಪುಟ್ಟು (ಅಕ್ಕಿ ಶಾವಿಗೆ), ಅಕ್ಕಿ ರೊಟ್ಟಿ ಬಿಡಬೇಕಿಲ್ಲ (ಬಿಡಿ ಎಂದರೆ ಯಾರು ಕೇಳುತ್ತಾರೆ?). ಆರು ಕಡಂಬುಟ್ಟು ತಿನ್ನುವವರು ಮೂರಕ್ಕೆ ನಿಲ್ಲಿಸಿ, ಒಂದು ಬಟ್ಟಲು ಕಡಲೆ ಅಥವಾ ಹೆಸರುಕಾಳಿನ ಕರಿ, ಜೊತೆಗೆ ಸೊಪ್ಪಿನ ಪಲ್ಯ ಸೇರಿಸಿ. ನಾರು, ಪ್ರೋಟೀನ್ ಇದ್ದರೆ ಅದೇ ಅಕ್ಕಿಯ ಸಕ್ಕರೆ ನಿಧಾನವಾಗಿ ಏರುತ್ತದೆ.

ಹಾಲು ಎಲ್ಲರಿಗೂ ಮೊಡವೆ ತರುವುದಿಲ್ಲ. ಕೆನೆ ತೆಗೆದ ಹಾಲು, ಜಿಮ್‌ಗೆ ಹೋಗುವವರ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್) ಪುಡಿಯ ಮೇಲೆ ಅನುಮಾನ ಹೆಚ್ಚು. ಪರೀಕ್ಷಿಸುವುದಾದರೆ ಒಂದು ಸಲಕ್ಕೆ ಒಂದನ್ನೇ ನಿಲ್ಲಿಸಿ, 8ರಿಂದ 12 ವಾರ ನೋಡಿ. ಎರಡೇ ವಾರಕ್ಕೆ ಬೇಸತ್ತು ಕೈಬಿಡುವವರೇ ಜಾಸ್ತಿ. ಅಷ್ಟರಲ್ಲಿ ಚರ್ಮದೊಳಗೆ ಆಗಲೇ ಕಟ್ಟಿದ್ದ ಮೊಡವೆಗಳು ಹೊರಬರುತ್ತಿರುತ್ತವೆ. ಹಾಲು ಬಿಟ್ಟಷ್ಟು ದಿನ ಕ್ಯಾಲ್ಸಿಯಂಗೆ ರಾಗಿ, ಎಳ್ಳು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಇರಲಿ.

ವೈದ್ಯರು ಕೊಟ್ಟ ಮುಲಾಮು, ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಮುಟ್ಟು ಏರುಪೇರಾಗಿ ಮುಖದಲ್ಲಿ ಕೂದಲೂ ಹೆಚ್ಚುತ್ತಿದ್ದರೆ ಪಿಸಿಓಎಸ್ (ಹೆಣ್ಣುಮಕ್ಕಳ ಅಂಡಾಶಯ, ಹಾರ್ಮೋನುಗಳ ತೊಂದರೆ) ಇದೆಯೇ ಎಂದು ಪರೀಕ್ಷೆ ಮಾಡಿಸಿ. ಅದು ಊಟ ಬದಲಿಸಿದ ಮಾತ್ರಕ್ಕೆ ಹೋಗುವಂಥದ್ದಲ್ಲ.