ಕಡಲೆ ಬಿತ್ತನೆ ನೋಡಿಕೊಂಡು ಬಟಾಟಿ ತಳಿ ಆರಿಸುವ ನನ್ನ ಲೆಕ್ಕ

ನಮ್ಮ ಹೊಲ ಧಾರವಾಡದಿಂದ ಕಲಘಟಗಿ ಕಡೆ ಹೋಗುವ ದಾರಿಯಲ್ಲಿದೆ. ಅರ್ಧ ಮಸಾರಿ ಅಂದರೆ ಕೆಂಪು ಮಣ್ಣು, ಅರ್ಧ ಎರಿ ಅಂದರೆ ಕಪ್ಪು ಮಣ್ಣು, ಎಲ್ಲಾ ಮಳೆ ನಂಬಿದ ಭೂಮಿ. ಮುಂಗಾರಿಗೆ ಬಟಾಟಿ (ಆಲೂಗಡ್ಡೆ), ಹಿಂಗಾರಿಗೆ ಕಡಲೆ. ಹಾಗಾಗಿ ಯಾವ ತಳಿ ಜಾಸ್ತಿ ಇಳುವರಿ ಕೊಡುತ್ತೆ ಅನ್ನೋದನ್ನ ನಾನು ಮೊದಲು ಕೇಳೋದಿಲ್ಲ. ಕಡಲೆ ಬಿತ್ತುವ ಹೊತ್ತಿಗೆ ಯಾವುದು ಹೊಲ ಬಿಟ್ಟುಕೊಡುತ್ತೆ ಅಂತ ನೋಡುತ್ತೇನೆ.

ಬಟಾಟಿ ಬೇಗ ಬಂದರೆ ಒಳ್ಳೆ ರೇಟು ಸಿಗುತ್ತೆ ಅಂತ ಬಹಳ ಜನ ಹೇಳುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಹಾಸನದ ಕಡೆ ಮೇ ತಿಂಗಳಲ್ಲೇ ಊರಲು ಶುರು ಮಾಡುತ್ತಾರೆ. ನಾವು ಜೂನ್‌ನಲ್ಲಿ ಮಿರಗ (ಮೃಗಶಿರಾ) ಮಳೆ ಬಿದ್ದ ಮೇಲೆ ಊರುವವರು, ಅವರಿಗಿಂತ ಮೊದಲು ಹುಬ್ಬಳ್ಳಿಯ ಅಮರಗೋಳದ ಮಾರ್ಕೆಟ್ಟಿಗೆ ಮಾಲು ಹಾಕೋದು ಆಗದ ಮಾತು. ನಮಗೆ ಬೇಗ ಬರುವ ತಳಿಯ ಲಾಭ ಇರೋದು ಹಿಂಗಾರಿನಲ್ಲಿ. ಜೂನ್ ಕೊನೆಗೆ ಊರಿದ ಕುಫ್ರಿ ಜ್ಯೋತಿ ತಳಿ 90ರಿಂದ 100 ದಿನ ತಗೊಂಡರೆ ಅಕ್ಟೋಬರ್ ಮೊದಲ ವಾರಕ್ಕೆ ಬಂತು. ಆಮೇಲೆ ಕೀಳಬೇಕು, ಕುಂಟೆ ಹೊಡೆದು ಹರಗಬೇಕು. ಅಷ್ಟರಲ್ಲಿ ಕಡಲೆ ಹುಟ್ಟಲು ಬೇಕಾದ ನೆಲದ ಹಸಿ ಆರಿರುತ್ತೆ. 75–80 ದಿನದ ತಳಿಯಾದರೆ ಸೆಪ್ಟೆಂಬರ್ ನಡುವೆಯೇ ಹೊಲ ಖಾಲಿ.

ಹಾಗಂತ ಬರೀ ದಿನ ಎಣಿಸಿದರೂ ಆಗೋದಿಲ್ಲ. ಕುಫ್ರಿ ಚಂದ್ರಮುಖಿ ಬೇಗ ಬರುತ್ತೆ, ರುಚಿಯೂ ಚೆನ್ನ. ಆದರೆ ಎಲೆ, ಕಾಂಡ ಕಪ್ಪಾಗಿ ಕೊಳೆಯುವ ಅಂಗಮಾರಿ ರೋಗಕ್ಕೆ ಸುಲಭವಾಗಿ ತುತ್ತಾಗುತ್ತೆ. ಜುಲೈ, ಆಗಸ್ಟಿನಲ್ಲಿ ನಮ್ಮ ಕಡೆ ಬಿಸಿಲೇ ಕಾಣದೆ ಜಿಟಿಜಿಟಿ ಮಳೆ ಹಿಡಿದಿರುತ್ತೆ, ಅಂಗಮಾರಿಗೆ ಅದೇ ಬೇಕು. ಅದಕ್ಕೇ ಅದನ್ನು ಬಿಟ್ಟೆ. 1968ರಲ್ಲಿ ಬಂದ ಜ್ಯೋತಿಗೂ ಮೊದಲಿದ್ದ ರೋಗ ತಡೆಯುವ ಶಕ್ತಿ ಈಗಿಲ್ಲ, ಮ್ಯಾಂಕೋಜೆಬ್ ಅನ್ನೋ ಶಿಲೀಂಧ್ರನಾಶಕ ಹೊಡೆಯದೆ ನಡೆಯೋದಿಲ್ಲ. ಕುಫ್ರಿ ಲವಕರ್ ಮಹಾರಾಷ್ಟ್ರ, ಕರ್ನಾಟಕದ ಬಯಲು ಸೀಮೆಗೇ ಶಿಫಾರಸು ಮಾಡಿದ ಅಲ್ಪಾವಧಿ ತಳಿ. ಸೆಕೆ ತಡೆಯುತ್ತೆ, ಆದರೆ ಒಳ್ಳೆ ಬೀಜ ಸಿಗೋದೇ ಕಷ್ಟ. ಕೊನೆಗೆ ಮಸಾರಿಗೆ ಬೇಗ ಬರುವ ಕುಫ್ರಿ ಪುಖರಾಜ್ ಹಾಕಿದೆ, ಹೋಲಿಸಿ ನೋಡಲು ಪಕ್ಕದ ಪಟ್ಟಿಗೆ ಜ್ಯೋತಿ.

ಪುಸ್ತಕದಲ್ಲಿರುವ ದಿನಗಳನ್ನ ಹೊಲದಲ್ಲೇ ನೋಡಬೇಕು. ಊರಿ 60 ದಿನ ಆದ ಮೇಲೆ ಪ್ರತಿ ವಾರ ಎರಡೂ ಪಟ್ಟಿಯಿಂದ ಐದೈದು ಗಿಡ ಕೀಳುತ್ತೇನೆ. ದಂಡೆಯ ಗಿಡ ಬೇಡ, ಅವಕ್ಕೆ ಜಾಗ ಜಾಸ್ತಿ ಸಿಕ್ಕಿರುತ್ತೆ. ನಡು ಸಾಲಿನಲ್ಲಿ ಒಂದರ ಪಕ್ಕ ಒಂದು ಇರುವ ಗಿಡಗಳನ್ನೇ ತೆಗೆಯಬೇಕು, ಚೆನ್ನಾಗಿರೋದನ್ನ ಹುಡುಕಿ ಕೀಳಬಾರದು. ಮಣ್ಣು ಒರೆಸಿ, ಗೋಲಿ ಗಾತ್ರದವನ್ನು ಬೇರೆ ಮಾಡಿ, ಉಳಿದದ್ದನ್ನ ತೂಗುತ್ತೇನೆ. 60 ಸೆಂಟಿಮೀಟರ್ ಸಾಲು, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಅಂದರೆ ಎಕರೆಗೆ ಸುಮಾರು 33,000 ಗಿಡ. ಗಿಡಕ್ಕೆ 200 ಗ್ರಾಂ ಬಂದರೆ ಲೆಕ್ಕದಲ್ಲಿ 66 ಕ್ವಿಂಟಲ್. ಅದರಲ್ಲಿ ಕೊಳೆತದ್ದು, ಹುಟ್ಟದ್ದು ಕಳೆಯಿರಿ. ಪುಖರಾಜ್ 70 ದಿನಕ್ಕೇ ಮಾರುವ ಗಾತ್ರಕ್ಕೆ ಬಂದಿತ್ತು. ಜ್ಯೋತಿ ಆಗ ಇನ್ನೂ ಗಜ್ಜುಗದಷ್ಟು.

ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ನಿಂತು, "ಏ ತಮ್ಮಾ, ಇನ್ನ ಎಂಟ ದಿನ ಬಿಡೋ, ದಪ್ಪ ಆಕ್ಕಾವು" ಅಂದರು. ದಪ್ಪ ಆಗುತ್ತವೆ, ಸುಳ್ಳಲ್ಲ. ಆದರೆ ಆ ಎಂಟು ದಿನದಲ್ಲಿ ದೊಡ್ಡ ಮಳೆ ಬಿದ್ದರೆ ಗಡ್ಡೆ ನೆಲದಲ್ಲೇ ಕೊಳೆಯುತ್ತೆ. ಸಿಪ್ಪೆ ಗಟ್ಟಿಯಾಗಲು ಹೇಗೂ ಹತ್ತು ದಿನ ಬೇಕು, ಅದಕ್ಕೇ ನಾನು ಕಾಯದೆ ಪುಖರಾಜ್ ಬಳ್ಳಿ ಕೊಯ್ದು ಅಷ್ಟು ದಿನ ಹಾಗೇ ಬಿಟ್ಟೆ. ಹೆಬ್ಬೆರಳಿನಿಂದ ಉಜ್ಜಿದರೂ ಸಿಪ್ಪೆ ಜಾರದಿದ್ದರೆ ಕೀಳಬಹುದು. ಜಾರಿದರೆ ಚೀಲದಲ್ಲಿ ತಿಕ್ಕಾಡಿ ಕಪ್ಪಾಗುತ್ತೆ, ಮಾರ್ಕೆಟ್ಟಿನ ಸವಾಲಿನಲ್ಲಿ (ಹರಾಜಿನಲ್ಲಿ) ರೇಟು ಬೀಳುತ್ತೆ.

ಪುಖರಾಜ್ ಮನೆಯಲ್ಲಿ ಬಹಳ ದಿನ ಇಡುವ ಮಾಲಲ್ಲ, ಕಿತ್ತ ಕೂಡಲೇ ಮಾರಬೇಕು. ರೇಟಿಗೆ ಕಾಯುವವರಿಗೆ ಜ್ಯೋತಿಯೇ ವಾಸಿ. ಯಾವುದೇ ಆಗಲಿ, ಬೀಜ ಮಾತ್ರ ಮೊಟ್ಟೆ ಗಾತ್ರದ ಇಡೀ ಗಡ್ಡೆ ಇರಲಿ. ಮುಂಗಾರಿನ ಹಸಿಯಲ್ಲಿ ಹೋಳು ಮಾಡಿ ಊರಿದರೆ ಕೊಳೆಯೋದೇ ಜಾಸ್ತಿ. ಕೋಲ್ಡ್ ಸ್ಟೋರೇಜಿನಿಂದ ತಂದ ಚೀಲವನ್ನು ಹಾಗೇ ಊರಬೇಡಿ. ನೆರಳಲ್ಲಿ, ಸ್ವಲ್ಪ ಬೆಳಕು ಬೀಳುವ ಕಡೆ ಹತ್ತು ಹದಿನೈದು ದಿನ ಹರವಿಟ್ಟರೆ ಹಸಿರು ಬಣ್ಣದ ಗಿಡ್ಡ, ಗಟ್ಟಿ ಮೊಳಕೆ ಬರುತ್ತೆ. ಕತ್ತಲಲ್ಲಿಟ್ಟರೆ ಬಿಳಿ ಉದ್ದ ಮೊಳಕೆ ಬಂದು, ಊರುವಾಗಲೇ ಮುರಿಯುತ್ತವೆ.