ಮಳೆಗಾಲಕ್ಕೊಂದು ಭರಣಿ ಉಪ್ಪು ಸೊಳೆ

ನಾನು ತುಮಕೂರು ಕಡೆಯವಳು. ನಮ್ಮೂರಲ್ಲಿ ಹಲಸು ಅಂದರೆ ಹಣ್ಣು, ಅಷ್ಟೇ. ತೊಳೆ ಬಿಡಿಸಿ ತಿಂದು, ಬೀಜವನ್ನು ಹುಳಿಗೆ ಹಾಕಿದರೆ ಮುಗಿಯಿತು. ಕಾಯನ್ನು ಉಪ್ಪಲ್ಲಿ ಹಾಕಿ ವರ್ಷವಿಡೀ ಇಡುತ್ತಾರೆ ಅನ್ನೋದು ಗೊತ್ತಾಗಿದ್ದು 1998ರಲ್ಲಿ, ಮದುವೆಯಾಗಿ ಪುತ್ತೂರಿನ ಹತ್ತಿರದ ಈ ಮನೆಗೆ ಬಂದ ಮೇಲೆ. ಉಗ್ರಾಣದ ಮೂಲೆಯಲ್ಲಿ ಮೊಣಕಾಲೆತ್ತರದ ಪಿಂಗಾಣಿ ಭರಣಿ ಇತ್ತು. ಅತ್ತೆ ಅದರ ಮುಚ್ಚಳ ತೆಗೆದ ಕೂಡಲೇ ನಾನು ಮೂಗು ಮುಚ್ಚಿಕೊಂಡಿದ್ದೆ. ಈಗ ಆ ಭರಣಿ ತುಂಬಿಸುವ ಕೆಲಸ ನನ್ನದೇ.

ಉಪ್ಪು ಸೊಳೆ ಅಂದರೆ ಬಲಿತ ಹಲಸಿನಕಾಯಿಯ ಸೊಳೆಯನ್ನು (ನಮ್ಮ ಕಡೆಯ ತೊಳೆ) ಉಪ್ಪಲ್ಲಿ ಹಾಕಿಡೋದು. ತುಳುವಿನಲ್ಲಿ ಉಪ್ಪಡ್ ಪಚ್ಚಿಲ್. ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಇಲ್ಲಿ ಮಳೆ ಬಿಡುವುದೇ ಇಲ್ಲ. ಹಿತ್ತಲಲ್ಲಿ ತರಕಾರಿ ಕೊಳೆತು ಹೋಗಿರುತ್ತದೆ. ಆಗ ಪಲ್ಯಕ್ಕೆ, ರೊಟ್ಟಿಗೆ, ಸಂಜೆಯ ಕುರುಕಲಿಗೆ ಎಲ್ಲಕ್ಕೂ ಈ ಭರಣಿಯೇ ಗತಿ.

ಹಾಕುವ ಹೊತ್ತು ಮುಖ್ಯ. ಪತ್ತನಾಜೆಯೊಳಗೆ, ಅಂದರೆ ಮೇ 24ರ ಆಸುಪಾಸಿನೊಳಗೆ ಮುಗಿಸಿಬಿಡುತ್ತೇನೆ. ಮಳೆ ಬಿದ್ದ ಮೇಲೆ ಕಾಯಿ ನೀರು ಕುಡಿದು ಸೊಳೆ ಮೆತ್ತಗಾಗುತ್ತದೆ. ಬಕ್ಕೆ ಜಾತಿಯ (ಗಟ್ಟಿ ಸೊಳೆಯದು) ಕಾಯೇ ಆಗಬೇಕು. ತುಳುವ ಹಲಸು, ಅಂದರೆ ಮೆತ್ತನೆ ಸೊಳೆಯ ಜಾತಿ, ಉಪ್ಪಲ್ಲಿ ಕರಗಿ ಮುದ್ದೆಯಾಗುತ್ತದೆ.

ಕಾಯಿ ಬಲಿತಿದೆಯಾ ಅಂತ ನೋಡೋದಕ್ಕೆ ಮೊದಲು ಮುಳ್ಳು ನೋಡಿ. ಎಳೆ ಕಾಯಿಯ ಮುಳ್ಳು ಒತ್ತೊತ್ತಾಗಿ ಚೂಪಾಗಿರುತ್ತದೆ. ಬಲಿತದ್ದರಲ್ಲಿ ಮುಳ್ಳುಗಳ ನಡುವೆ ಜಾಗ ಬಿಟ್ಟು, ತುದಿ ಮೊಂಡಾಗಿರುತ್ತದೆ. ಆಮೇಲೆ ಕೈಯಲ್ಲಿ ತಟ್ಟಿ. ಟಣ್ ಟಣ್ ಅಂದರೆ ಇನ್ನೂ ಎಳೆಯದು. ದೊಬ್ ದೊಬ್ ಅಂದರೆ ಬಲಿತಿದೆ. ಕೊಯ್ದ ಮೇಲೂ ಒಂದು ಸಲ ನೋಡಬೇಕು. ಬೀಜದ ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿರಬೇಕು, ಸೊಳೆ ಬೆಳ್ಳಗೇ ಇರಬೇಕು. ಹಳದಿ ಹತ್ತಿ ಸಿಹಿ ಬರೋಕೆ ಶುರುವಾಗಿದ್ದರೆ ಅದನ್ನು ಹಣ್ಣಿಗೆ ಬಿಡಿ.

ಕೊಯ್ಯುವ ದಿನ ಹಳೆ ಸೀರೆ ಉಡಿ. ಮೇಣ ತಾಗಿದ ಬಟ್ಟೆ ಮತ್ತೆ ಬಟ್ಟೆಯಾಗಲ್ಲ. ಕೈಗೂ ಮೆಟ್ಟುಕತ್ತಿಗೂ (ನಮ್ಮ ಕಡೆಯ ಈಳಿಗೆಮಣೆ) ತೆಂಗಿನೆಣ್ಣೆ ಧಾರಾಳವಾಗಿ ಹಚ್ಚಿಕೊಳ್ಳಿ. ಕಾಯನ್ನು ಎರಡು ಹೋಳು ಮಾಡಿ, ಇಳಿಯುವ ಮೇಣವನ್ನು ತೆಂಗಿನ ಸಿಪ್ಪೆಯಲ್ಲಿ ಒರೆಸುತ್ತಾ ಹೋಗಿ. ನಡುವಿನ ಗೂಂಜು ಕೆತ್ತಿ ತೆಗೆದರೆ ಸೊಳೆ ಸುಲಭವಾಗಿ ಬಿಡುತ್ತದೆ. ಬೀಜ, ಬೀಜದ ಪೊರೆ, ಸುತ್ತಲಿನ ನಾರು ಎಲ್ಲ ತೆಗೆದು ಸೊಳೆಯನ್ನು ಉದ್ದಕ್ಕೆ ಎರಡಾಗಿ ಸೀಳಿಕೊಳ್ಳಿ. ತೊಳೆಯಬೇಡಿ. ಒಂದು ಹನಿ ಹಸಿ ನೀರೂ ಬೇಡ. ನಮ್ಮ ಬಾವಿಕಟ್ಟೆಯ ಮರದ 12 ಕೆಜಿಯ ಕಾಯಿಗೆ ಸುಮಾರು ಮೂರೂವರೆ ಕೆಜಿ ಸೊಳೆ ಸಿಗುತ್ತದೆ.

ಇನ್ನು ಉಪ್ಪು. 1 ಕೆಜಿ ಸೊಳೆಗೆ 200 ಗ್ರಾಂ ಕಲ್ಲುಪ್ಪು. ಜಾಸ್ತಿ ಅನಿಸುತ್ತೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ಮೂರನೇ ವರ್ಷ ಅತ್ತೆ ಮಗಳ ಮನೆಗೆ ಹೋಗಿದ್ದಾಗ ನಾನೇ ಒಬ್ಬಳು ಭರಣಿ ಹಾಕಿದೆ. ಇಷ್ಟೊಂದು ಉಪ್ಪು ಯಾಕೆ ಸುಮ್ನೆ ಅಂತ ಅರ್ಧಕ್ಕಿಂತ ಕಮ್ಮಿ ಮಾಡಿದೆ, 80 ಗ್ರಾಂ ಲೆಕ್ಕ. ಜುಲೈಯಲ್ಲಿ ತೆಗೆದು ನೋಡಿದರೆ ಮೇಲಿನ ಅರ್ಧ ಕಪ್ಪಾಗಿ, ಬೆರಳಿಟ್ಟರೆ ಲೋಳೆ ಲೋಳೆ. ಅಡಿಯದ್ದೂ ನಾರುತ್ತಿತ್ತು. ಅಷ್ಟನ್ನೂ ತೆಂಗಿನ ಬುಡಕ್ಕೆ ಸುರಿದೆವು. ತೆಂಗಿಗೆ ಉಪ್ಪು ಆಗುತ್ತದೆ, ಪುಣ್ಯಕ್ಕೆ. ಅತ್ತೆ ಬೈಯಲಿಲ್ಲ. "ಉಪ್ಪು ಇರೋದು ಭರಣಿಗೆ ಮಾರಾಯ್ತಿ, ನಿನ್ನ ನಾಲಿಗೆಗೆ ಅಲ್ಲ" ಅಂದರು. ಅದು ಸರಿ. ನಾಲಿಗೆಯ ಲೆಕ್ಕವನ್ನು ಅಡುಗೆ ಮಾಡುವ ದಿನ ನೋಡಿಕೊಳ್ಳಬಹುದು, ನೆನೆಸಿ ಹಿಂಡಿದರೆ ಉಪ್ಪು ಹೋಗುತ್ತದೆ. ಕೊಳೆತದ್ದನ್ನು ವಾಪಸ್ ತರೋಕೆ ಆಗಲ್ಲ. ಕಲ್ಲುಪ್ಪೇ ಇರಲಿ. ಪ್ಯಾಕೆಟ್ಟಿನ ಪುಡಿಯುಪ್ಪಲ್ಲಿ ನೀರು ಮಬ್ಬಾಗುತ್ತದೆ.

ಭರಣಿಯನ್ನು ಹಿಂದಿನ ದಿನವೇ ತೊಳೆದು ಬಿಸಿಲಿಗೆ ಬೋರಲು ಹಾಕಿರಬೇಕು. ಸ್ಟೀಲು, ಅಲ್ಯುಮಿನಿಯಂ ಬೇಡ, ಉಪ್ಪು ಅದನ್ನು ತಿಂದುಬಿಡುತ್ತದೆ. ಅಡಿಯಲ್ಲಿ ಒಂದು ಹಿಡಿ ಉಪ್ಪು, ಮೇಲೆ ಒಂದು ಪದರ ಸೊಳೆ, ಮತ್ತೆ ಉಪ್ಪು. ಪ್ರತಿ ಪದರವನ್ನೂ ಮುಷ್ಟಿಯಿಂದ ಗುದ್ದಿ ಗುದ್ದಿ ಒತ್ತಿ. ನಡುವೆ ಗಾಳಿ ಉಳಿಯಬಾರದು. ಕೊನೆಯ ಪದರದ ಮೇಲೆ ಉಪ್ಪು ಸ್ವಲ್ಪ ಜಾಸ್ತಿಯೇ ಇರಲಿ. ಅದರ ಮೇಲೆ ಬೆಂಕಿಯಲ್ಲಿ ಬಾಡಿಸಿ ಆರಿಸಿದ ಬಾಳೆಲೆ, ಎಲೆಯ ಮೇಲೆ ತೊಳೆದು ಒಣಗಿಸಿದ ಗುಂಡುಕಲ್ಲು. ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳ ಹಾಕಿ.

ಮೂರನೇ ದಿನ ತೆಗೆದು ನೋಡಿ. ಉಪ್ಪು ಸೊಳೆಯೊಳಗಿನ ನೀರನ್ನು ಎಳೆದು ಹೊರಗೆ ತಂದಿರುತ್ತದೆ. ಸೊಳೆ ಪೂರ್ತಿ ಮುಳುಗಿದ್ದರೆ ನಿಶ್ಚಿಂತೆ. ಮುಳುಗದಿದ್ದರೆ ಒಂದು ಲೀಟರ್ ನೀರಿಗೆ 200 ಗ್ರಾಂ ಉಪ್ಪು ಹಾಕಿ ಕುದಿಸಿ, ಚೆನ್ನಾಗಿ ತಣಿಸಿ, ಮುಳುಗುವಷ್ಟು ಹೊಯ್ಯಿರಿ. ಹಲಸಿನಲ್ಲಿ ಮಾವಿನಮಿಡಿಯಷ್ಟು ನೀರು ಬಿಡಲ್ಲ, ಹಾಗಾಗಿ ಇದು ಬೇಕಾಗೋದು ಮಾಮೂಲು. ಒಂದು ವಾರದಲ್ಲಿ ಸೊಳೆ ಕುಗ್ಗಿ ಭರಣಿಯಲ್ಲಿ ಜಾಗ ಆಗುತ್ತದೆ. ಮರದಲ್ಲಿ ಕಾಯಿ ಉಳಿದಿದ್ದರೆ ಮೇಲಿಂದ ಮತ್ತೆ ತುಂಬಬಹುದು, ಉಪ್ಪಿನ ಲೆಕ್ಕ ಅದೇ. ಆಮೇಲೆ ಒಂದೂವರೆ ತಿಂಗಳು ಮುಟ್ಟಬೇಡಿ.

ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿದರೆ ಗಾಬರಿ ಬೇಡ. ಒಣ ಮರದ ಸೌಟಿನಲ್ಲಿ ತೆಗೆದು, ಕಲ್ಲು ತೊಳೆದು ಒಣಗಿಸಿ ಇಟ್ಟು, ಎಲೆ ಬದಲಿಸಿದರೆ ಸಾಕು. ಗುಲಾಬಿ, ಕಪ್ಪು ಬಣ್ಣ ಬಂದು ಲೋಳೆಯಾದರೆ ರುಚಿ ನೋಡೋಕೂ ಹೋಗಬೇಡಿ. ಎಸೆಯಿರಿ.

ಬೆಂಗಳೂರಲ್ಲಿರುವ ಮಗಳು ಫ್ಲ್ಯಾಟಿನಲ್ಲಿ ಇದನ್ನೇ ಚಿಕ್ಕದಾಗಿ ಮಾಡುತ್ತಾಳೆ. ಎರಡು ಕೆಜಿ ಸೊಳೆ, ಗಾಜಿನ ಬಾಟಲಿ. ಗುಂಡುಕಲ್ಲು ಎಲ್ಲಿಂದ ತರೋದು? ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಉಪ್ಪುನೀರು ತುಂಬಿ, ಬಾಯಿ ಕಟ್ಟಿ ಮೇಲಿಡುತ್ತಾಳೆ. ಬರೀ ನೀರು ತುಂಬಿದರೆ ಚೀಲ ಸೋರಿದ ದಿನ ಬಾಟಲಿಯ ಉಪ್ಪು ತೆಳ್ಳಗಾಗುತ್ತದೆ. ಅದು ಅವಳದೇ ತಲೆ, ನನ್ನದಲ್ಲ.

ಅಡುಗೆಗೆ ಬೇಕಾದಷ್ಟನ್ನು ಹಿಂದಿನ ರಾತ್ರಿ ತೆಗೆದು ದೊಡ್ಡ ಪಾತ್ರೆಯ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಹಿಂಡಿ, ಹೊಸ ನೀರಿನಲ್ಲಿ ಇನ್ನೆರಡು ಗಂಟೆ. ಒಂದು ತುಂಡು ಬಾಯಿಗೆ ಹಾಕಿ ನೋಡಿ, ಪಲ್ಯಕ್ಕೆ ಹಾಕುವಷ್ಟೇ ಉಪ್ಪು ಉಳಿದಿರಬೇಕು. ಅಡುಗೆಗೆ ಮತ್ತೆ ಉಪ್ಪು ಹಾಕಬೇಡಿ. ಎಷ್ಟು ನೆನೆಸಿದರೂ ಮಾಮೂಲಿ ತರಕಾರಿಗಿಂತ ಉಪ್ಪು ಜಾಸ್ತಿಯೇ. ನಮ್ಮ ಮಾವನಿಗೆ ಬಿಪಿ, ಅವರ ಬಟ್ಟಲಿಗೆ ಎರಡು ಚಮಚ ಮಾತ್ರ. ಮೂರನೆಯದಕ್ಕೆ ಪ್ರತಿ ಸಲ ಜಗಳ.

ಪಲ್ಯ ನಿಮಗೆ ಗೊತ್ತಿರುವ ಹಾಗೇ ಮಾಡಿ, ತೆಂಗಿನಕಾಯಿಗೆ ಒಣಮೆಣಸು, ಜೀರಿಗೆ ಸೇರಿಸಿ ಒರಟಾಗಿ ರುಬ್ಬಿ ಹಾಕಿದರೆ ಆಯಿತು. ನಾನು ಭರಣಿ ತೆಗೆಯೋದು ಉಂಡ್ಲಕಕ್ಕಾಗಿ, ಅಂದರೆ ಎಣ್ಣೆಯಲ್ಲಿ ಕರಿದ ಸಣ್ಣ ಉಂಡೆಗಳಿಗಾಗಿ. ಎರಡು ಹಿಡಿ ಸೊಳೆಯನ್ನು ಗಟ್ಟಿಯಾಗಿ ಹಿಂಡಿ. ಒಂದು ಹಿಡಿ ನೆನೆಸಿದ ಬೆಳ್ತಿಗೆ ಅಕ್ಕಿ (ಕುಚ್ಚಲಲ್ಲದ ಬಿಳಿ ಅಕ್ಕಿ), ಅಷ್ಟೇ ತೆಂಗಿನತುರಿ ಸೇರಿಸಿ ನೀರಿಲ್ಲದೆ ನುಣ್ಣಗೆ ರುಬ್ಬಿ. ಗೋಲಿಗಿಂತ ಸಣ್ಣ ಉಂಡೆ ಕಟ್ಟಿ, ಬಟ್ಟೆಯ ಮೇಲೆ ಹತ್ತು ನಿಮಿಷ ಬಿಡಿ. ತೆಂಗಿನೆಣ್ಣೆ ಹದವಾಗಿ ಕಾದ ಮೇಲೆ ಉರಿ ಸಣ್ಣ ಮಾಡಿ ಬಿಡಬೇಕು. ಅವಸರ ಮಾಡಿದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ, ಉಂಡೆ ಸಿಡಿದು ಎಣ್ಣೆ ಮುಖಕ್ಕೆ ಹಾರುತ್ತದೆ. ನನ್ನ ಎಡಗೈಯಲ್ಲಿ ಗುರುತಿದೆ. ಮೊದಲು ಬಾಣಲೆ ತುಂಬ ನೊರೆ, ಚರಚರ ಸದ್ದು. ನೊರೆ ಇಳಿದು ಸದ್ದು ಪೂರ್ತಿ ನಿಂತ ಮೇಲೆ ತೆಗೆಯಿರಿ. ಜಾಲರಿ ಸೌಟಿನಲ್ಲಿ ಅಲ್ಲಾಡಿಸಿದರೆ ಕಲ್ಲು ಹರಳಿನ ಹಾಗೆ ಕಟಕಟ ಅನ್ನಬೇಕು.

ಬೀಜ ಎಸೆದಿಲ್ಲ ತಾನೇ? ನೆರಳಲ್ಲಿ ಎರಡು ದಿನ ಆರಿಸಿ, ಕೆಮ್ಮಣ್ಣು ಕಲಸಿ ಮೆತ್ತಿ, ಒಣಗಿದ ಮೇಲೆ ಉಗ್ರಾಣದ ನೆಲದ ಮೇಲೆ ಹರಡಿ. ಆಟಿಯಲ್ಲಿ ಕೆಸುವಿನ ದಂಟಿನ ಸಾಂಬಾರಿಗೆ ಒಂದು ಹಿಡಿ ಬೇಕೇ ಬೇಕು. ಇಲಿ ಬರದ ಹಾಗೆ ನೋಡಿಕೊಳ್ಳಿ.